ರಿಕಾಂಬಿನಂಟ್ ಹ್ಯೂಮನ್ ಹೆಪ್ಸಿಡಿನ್: ಕಡಿಮೆ ಬೆಲೆಯದ್ದನ್ನು ಕೋಶಗಳ ಪ್ರಯೋಗಕ್ಕೆ ಬಳಸಬಹುದಾ?

ನೀವು ಕೇಳಿರುವುದು ಇಷ್ಟು: ಮ್ಯಾಕ್ರೋಫೇಜ್ ಕೋಶಗಳಿಗೆ (ರೋಗಾಣುಗಳನ್ನು ನುಂಗುವ ರೋಗನಿರೋಧಕ ಕೋಶಗಳು) ಹೆಪ್ಸಿಡಿನ್ ಎಂಬ, ಕಬ್ಬಿಣವನ್ನು ನಿಯಂತ್ರಿಸುವ ಹಾರ್ಮೋನು ಹಾಕಿ, ಕೋಶದಿಂದ ಕಬ್ಬಿಣವನ್ನು ಹೊರಗೆ ಕಳಿಸುವ ಪ್ರೋಟೀನ್ ಆದ ಫೆರೋಪೋರ್ಟಿನ್ ಕಡಿಮೆಯಾಗುತ್ತದಾ ಅಂತ ನೋಡಬೇಕು. ಇ. ಕೊಲೈ ಬ್ಯಾಕ್ಟೀರಿಯಾಕ್ಕೆ ಮನುಷ್ಯನ ಜೀನ್ ಸೇರಿಸಿ ತಯಾರಿಸಿದ (ರಿಕಾಂಬಿನಂಟ್), ಶುದ್ಧೀಕರಣಕ್ಕೆಂದು ಅಂಟಿಸಿದ ಹಿಸ್ ಟ್ಯಾಗ್ ಎಂಬ ಚಿಕ್ಕ ತುಂಡು ಇರುವ ಹ್ಯೂಮನ್ ಹೆಪ್ಸಿಡಿನ್ ಕಡಿಮೆ ಬೆಲೆಗೆ ಸಿಗುತ್ತಿದೆ. ಶುದ್ಧತೆ 95% ಅಂತಲೂ ಬರೆದಿದ್ದಾರೆ. ತಗೊಳ್ಳಬಹುದಾ?

ಈ ಕೆಲಸಕ್ಕೆ ಬೇಡ. ಆಂಟಿಬಾಡಿ ಸರಿಯಾಗಿ ಹಿಡಿಯುತ್ತದಾ ಅಂತ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ವಿಧಾನ) ನೋಡುವುದಿದ್ದರೆ ಖಂಡಿತ ತಗೊಳ್ಳಿ ಅನ್ನುತ್ತಿದ್ದೆ. ನಿಮಗೆ ಬೇಕಿರುವುದು ಕೆಲಸ ಮಾಡುವ ಹಾರ್ಮೋನು. ಶುದ್ಧತೆ ಬೇರೆ, ಕೆಲಸ ಮಾಡುವ ಶಕ್ತಿ ಬೇರೆ. ಕಬ್ಬಿಣದ ಲ್ಯಾಬ್‌ಗೆ ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ನಾನು ಮೊದಲು ಹೇಳುವ ಮಾತು ಇದೇ.

ಮೊದಲು ಡೇಟಾ ಶೀಟ್‌ನಲ್ಲಿ ಅಮೈನೋ ಆಮ್ಲಗಳ ಸಂಖ್ಯೆ ನೋಡಿ. ಯಕೃತ್ತು ಹೆಪ್ಸಿಡಿನ್ ತಯಾರಿಸುವಾಗ ಅದು 84 ಅಮೈನೋ ಆಮ್ಲಗಳ ಉದ್ದವಿರುತ್ತದೆ. ಮೊದಲ 24 ಸಿಗ್ನಲ್ ಭಾಗ, ಅದು ಕತ್ತರಿಸಿ ಹೋಗುತ್ತದೆ. ಉಳಿದ 25ರಿಂದ 84ರವರೆಗಿನ ತುಂಡೇ ಪ್ರೋಹೆಪ್ಸಿಡಿನ್. ಅದನ್ನು ಫ್ಯೂರಿನ್ ಎಂಬ ಕಿಣ್ವ ಮತ್ತೆ ಕತ್ತರಿಸಿದಾಗ ಸಿಗುವ ಕೊನೆಯ 25, ಅಂದರೆ 60ರಿಂದ 84, ನಿಜವಾದ ಹಾರ್ಮೋನು. ಹೆಸರು 'ಹೆಪ್ಸಿಡಿನ್' ಅಂತಿದ್ದರೂ ಶೀಟ್‌ನಲ್ಲಿ 25–84 ಅಂತಿದ್ದರೆ ನಿಮ್ಮ ಕೈಗೆ ಬರುವುದು ಪ್ರೋಹೆಪ್ಸಿಡಿನ್, ನಿಮಗೆ ಬೇಕಾದ ಹಾರ್ಮೋನು ಅಲ್ಲ.

ಇನ್ನು ಟ್ಯಾಗ್. ಅದು ಎನ್ ತುದಿಯಲ್ಲಿದ್ದರೆ (ಅಮೈನೋ ಆಮ್ಲಗಳ ಸರಪಳಿ ಶುರುವಾಗುವ ತುದಿ) ದೊಡ್ಡ ತೊಂದರೆ. ಹೆಪ್ಸಿಡಿನ್ ಫೆರೋಪೋರ್ಟಿನ್‌ಗೆ ಅಂಟಿಕೊಳ್ಳಲು ಎನ್ ತುದಿಯ ಮೊದಲ ಐದು ಅಮೈನೋ ಆಮ್ಲಗಳು ಬೇಕೇ ಬೇಕು. ಆ ಐದನ್ನು ತೆಗೆದ 20ರ ತುಂಡು ಇಲಿಗಳಲ್ಲಿ ಏನೂ ಮಾಡಲಿಲ್ಲ. ಪೂರ್ತಿ 25ರದ್ದನ್ನು ಕೊಟ್ಟಾಗಲೋ, ಒಂದೇ ಗಂಟೆಯಲ್ಲಿ ರಕ್ತದ ಕಬ್ಬಿಣ ಇಳಿಯಿತು. ಅಷ್ಟು ಮುಖ್ಯವಾದ ತುದಿಗೆ ಟ್ಯಾಗ್ ಅಂಟಿಸಿಟ್ಟರೆ ಕೆಲಸ ಆಗುತ್ತದೆ ಅಂತ ನಾನು ನಂಬುವುದಿಲ್ಲ. ಟ್ಯಾಗ್ ಕತ್ತರಿಸಿ ತೆಗೆದಿದ್ದರೂ, ಎನ್ ತುದಿಯಲ್ಲಿ ಒಂದೆರಡು ಹೆಚ್ಚುವರಿ ಅಮೈನೋ ಆಮ್ಲ ಉಳಿದಿದೆಯಾ ಅಂತ ಕೇಳಿ.

ಅದಕ್ಕಿಂತ ಕಷ್ಟದ್ದು, ಈ ಸರಪಳಿಯನ್ನು ಸರಿಯಾದ ಆಕಾರಕ್ಕೆ ಮಡಿಸುವುದು. ಈ ಪುಟ್ಟ ಪೆಪ್ಟೈಡ್‌ನಲ್ಲಿ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ಗಂಧಕ ಇರುವ ಸಿಸ್ಟೀನ್ ಎಂಬ ಅಮೈನೋ ಆಮ್ಲಗಳು ಎಂಟಿವೆ, ಅವು ಜೋಡಿಯಾಗಿ ನಾಲ್ಕು ಡೈಸಲ್ಫೈಡ್ ಬಂಧ ಆಗಬೇಕು. ಯಾವುದು ಯಾವುದಕ್ಕೆ ಜೋಡಿ ಅನ್ನುವುದನ್ನು ಕಂಡುಹಿಡಿಯುವುದೇ ಕಷ್ಟವಾಗಿತ್ತು. 2002ರಲ್ಲಿ ಪ್ರಕಟವಾದ ರಚನೆಯಲ್ಲಿ ಜೋಡಿಗಳು ತಪ್ಪಾಗಿದ್ದವು, 2009ರಲ್ಲಿ ತಿದ್ದಲಾಯಿತು. ಇ. ಕೊಲೈಯ ಒಳಗೆ ಇಂಥ ಬಂಧಗಳು ಸುಲಭವಾಗಿ ಆಗುವುದಿಲ್ಲ, ಹೊರಗೆ ತೆಗೆದು ಮತ್ತೆ ಮಡಿಸಬೇಕು. ಜೆಲ್‌ನಲ್ಲಿ ಸರಿಯಾಗಿ ಮಡಿಸಿದ್ದೂ ತಪ್ಪಾಗಿ ಮಡಿಸಿದ್ದೂ ಒಂದೇ ಪಟ್ಟಿಯಾಗಿ ಕಾಣಬಹುದು, 95% ಅನ್ನುವ ಸಂಖ್ಯೆ ಇದರ ಬಗ್ಗೆ ಏನೂ ಹೇಳುವುದಿಲ್ಲ. ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ ಸ್ವಲ್ಪ ಸಹಾಯ ಮಾಡುತ್ತದೆ. ನಾಲ್ಕೂ ಬಂಧ ಆಗಿದ್ದರೆ ತೂಕ ಸುಮಾರು 2789 ಡಾಲ್ಟನ್, ಒಂದೂ ಆಗದಿದ್ದರೆ 8 ಜಾಸ್ತಿ. ಆದರೆ ತಪ್ಪು ಜೋಡಿಯಾಗಿದ್ದರೂ ತೂಕ ಅದೇ ಇರುತ್ತದೆ, ಅಲ್ವಾ? ಹಾಗಾಗಿ ಕೊನೆಗೆ ಜೀವಕೋಶದ ಮೇಲಿನ ಪರೀಕ್ಷೆಯೇ ಬೇಕು. ಮಾರುವವರು ಅದನ್ನು ಮಾಡಿದ್ದರೆ ಫಲಿತಾಂಶ ಕೇಳಿ ತರಿಸಿಕೊಳ್ಳಿ.

ನನ್ನ ಸಲಹೆ: ಕೋಶದ ಪ್ರಯೋಗಕ್ಕೆ ರಾಸಾಯನಿಕವಾಗಿ ತಯಾರಿಸಿ, ಮಡಿಸಿ, ಪರೀಕ್ಷಿಸಿದ ಹೆಪ್ಸಿಡಿನ್-25 ತಗೊಳ್ಳಿ. 25 ಅಮೈನೋ ಆಮ್ಲಗಳ ಪೆಪ್ಟೈಡ್ ಅನ್ನು ಹಾಗೆ ತಯಾರಿಸುವುದು ಸಾಧ್ಯ. ರಿಕಾಂಬಿನಂಟ್ ಆಗಿರಲೇಬೇಕು ಅಂತೇನಿಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಇದೆ, ನಿಮ್ಮ ಪ್ರಯೋಗದಲ್ಲಿ ಅದೇ ದೊಡ್ಡದು. ಇ. ಕೊಲೈಯಿಂದ ಬಂದ ಪ್ರೋಟೀನ್ ಜೊತೆ ಎಂಡೋಟಾಕ್ಸಿನ್, ಅಂದರೆ ಆ ಬ್ಯಾಕ್ಟೀರಿಯಾದ ಹೊರಪೊರೆಯ ವಿಷವಸ್ತು, ಬರುತ್ತದೆ. ಮ್ಯಾಕ್ರೋಫೇಜ್‌ಗಳು ಎಂಡೋಟಾಕ್ಸಿನ್ ಕಂಡರೆ ತಾವಾಗಿಯೇ ಫೆರೋಪೋರ್ಟಿನ್ ತಯಾರಿಕೆ ಇಳಿಸುತ್ತವೆ. ಅಂದರೆ ಹೆಪ್ಸಿಡಿನ್ ಸತ್ತಿದ್ದರೂ ನೀವು ನಿರೀಕ್ಷಿಸಿದ ಫಲಿತಾಂಶವೇ ಬರಬಹುದು! ಏನೂ ಬರದಿದ್ದರೆ ತಪ್ಪು ಗೊತ್ತಾಗುತ್ತದೆ, ತಪ್ಪು ಕಾರಣಕ್ಕೆ ಸರಿಯಾದ ಉತ್ತರ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ಕುದಿಸಿದ ಪ್ರೋಟೀನ್ ಅನ್ನು ಕಂಟ್ರೋಲ್ ಮಾಡಿಕೊಂಡರೂ ಇದು ಬಗೆಹರಿಯುವುದಿಲ್ಲ. ಎಂಡೋಟಾಕ್ಸಿನ್ ಕುದಿಸಿದರೆ ಹೋಗುವುದಿಲ್ಲ, ನಾಲ್ಕು ಬಂಧಗಳಿರುವ ಹೆಪ್ಸಿಡಿನ್ ಕೂಡ ಹಾಳಾಗುತ್ತದೆ ಅಂತ ನಂಬುವ ಹಾಗಿಲ್ಲ. 20ರ ತುಂಡನ್ನೇ ಕಂಟ್ರೋಲ್ ಆಗಿ ಬಳಸಿ. ಜೊತೆಗೆ ಫೆರೋಪೋರ್ಟಿನ್‌ನ ಎಂಆರ್‌ಎನ್‌ಎಯನ್ನೂ (ಪ್ರೋಟೀನ್ ತಯಾರಿಸಲು ಜೀನ್ ಕಳಿಸುವ ಸಂದೇಶ) ಅಳೆಯಿರಿ. ಹೆಪ್ಸಿಡಿನ್ ಹೊಡೆಯುವುದು ಪ್ರೋಟೀನ್ ಮೇಲೆ: ಅಂಟಿಕೊಂಡು, ಕೋಶದ ಒಳಗೆ ಎಳೆಸಿ, ಕರಗಿಸುತ್ತದೆ. 2004ರಲ್ಲಿ ಗೊತ್ತಾದ ವಿಷಯ ಇದು. ಒಂದೆರಡು ಗಂಟೆಯಲ್ಲೇ ಎಂಆರ್‌ಎನ್‌ಎ ಬಿದ್ದಿದ್ದರೆ ಎಂಡೋಟಾಕ್ಸಿನ್ ಮೇಲೆ ಅನುಮಾನಪಡಿ.

ಬಳಸುವಾಗ ಕೆಲವು ಮಾತು. ಹೆಪ್ಸಿಡಿನ್ ಪ್ಲಾಸ್ಟಿಕ್‌ಗೆ ಅಂಟುತ್ತದೆ, ಗಾಢವಾಗಿದ್ದರೆ ತಟಸ್ಥ ಪಿಎಚ್‌ನಲ್ಲಿ ಗುಂಪುಗೂಡುತ್ತದೆ. ಸ್ವಲ್ಪ ಆಮ್ಲ ಇರುವ ನೀರಿನಲ್ಲಿ ಕರಗಿಸಿ, ಲೋ-ಬೈಂಡಿಂಗ್ ಟ್ಯೂಬ್‌ಗಳಲ್ಲಿ ಚಿಕ್ಕ ಚಿಕ್ಕ ಪಾಲು ಮಾಡಿ, ಮೈನಸ್ 80ರಲ್ಲಿ ಇಡಿ. ಡೋಸ್ ಅನ್ನು ಮೋಲಾರ್‌ನಲ್ಲೇ ಲೆಕ್ಕ ಹಾಕಿ. 100 ನ್ಯಾನೋಮೋಲಾರ್ ಅಂದರೆ ಮಿಲಿಲೀಟರ್‌ಗೆ ಸುಮಾರು 0.28 ಮೈಕ್ರೋಗ್ರಾಂ. ಅದೇ ಪೆಪ್ಟೈಡ್ ಬೇರೊಂದು ಪ್ರೋಟೀನ್‌ಗೆ ಜೋಡಿಸಿದ, 28 ಕಿಲೋಡಾಲ್ಟನ್‌ನ ಫ್ಯೂಷನ್ ಪ್ರೋಟೀನ್ ಆಗಿ ಬಂದಿದ್ದರೆ, ಅಷ್ಟೇ ಮೈಕ್ರೋಗ್ರಾಂನಲ್ಲಿ ಹತ್ತನೇ ಒಂದು ಭಾಗ ಮಾತ್ರ ಹಾರ್ಮೋನು ಇರುತ್ತದೆ. ಮೀಡಿಯಂನಲ್ಲಿ ಬೀಟಾ-ಮರ್ಕ್ಯಾಪ್ಟೋಎಥನಾಲ್ ಇದೆಯಾ ಅಂತಲೂ ನೋಡಿ. ಕೆಲವು ಲ್ಯಾಬ್‌ಗಳಲ್ಲಿ ಅಭ್ಯಾಸದಿಂದ ಹಾಕಿರುತ್ತಾರೆ, ಅದು ಡೈಸಲ್ಫೈಡ್ ಬಂಧಗಳನ್ನೇ ಒಡೆಯುವ ವಸ್ತು.

ಹಿಂದಿನ ರಾತ್ರಿ ಕೋಶಗಳಿಗೆ ಫೆರಿಕ್ ಅಮೋನಿಯಂ ಸಿಟ್ರೇಟ್ ಎಂಬ ಕಬ್ಬಿಣದ ಲವಣ ಕೊಡಿ. ಕಬ್ಬಿಣ ತುಂಬಿದ ಮೇಲೆಯೇ ಮ್ಯಾಕ್ರೋಫೇಜ್‌ನಲ್ಲಿ ಫೆರೋಪೋರ್ಟಿನ್ ಚೆನ್ನಾಗಿ ಏರುತ್ತದೆ. ಮೊದಲೇ ಇಲ್ಲದ್ದು ಇಳಿಯುವುದು ಹೇಗೆ? ವೆಸ್ಟರ್ನ್ ಬ್ಲಾಟ್ ಮಾಡುವಾಗ ಸ್ಯಾಂಪಲ್ ಕುದಿಸಬೇಡಿ. ಫೆರೋಪೋರ್ಟಿನ್ ಪೊರೆಯನ್ನು ಹಲವು ಸಲ ದಾಟುವ ಪ್ರೋಟೀನ್, ಬಿಸಿ ಮಾಡಿದರೆ ಗಂಟುಕಟ್ಟಿ ಜೆಲ್‌ನ ಮೇಲ್ಭಾಗದಲ್ಲೇ ನಿಂತುಬಿಡುತ್ತದೆ. ಆಗ ಹೆಪ್ಸಿಡಿನ್ ಹಾಕಿದ ಲೇನ್‌ನಲ್ಲೂ ಹಾಕದ ಲೇನ್‌ನಲ್ಲೂ ಪಟ್ಟಿ ಕಾಣದೆ, ಸುಮ್ನೆ ಹಾರ್ಮೋನಿನ ಮೇಲೆ ಅನುಮಾನ ಶುರುವಾಗುತ್ತದೆ.