ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಇರುವ ಕಾರಿಗೆ ಟ್ರ್ಯಾಕ್ಷನ್ ಬಾರ್ (ಆಕ್ಸಲ್ ಹೊರಳದಂತೆ ತಡೆಯುವ ಸರಳು) ಹಾಕಿದರೆ ಹಿಂಚಕ್ರದ ಕುಪ್ಪಳಿಕೆ ನಿಲ್ಲುತ್ತದೆಯೇ? ಅದನ್ನು ಹೊಂದಿಸುವುದು ಹೇಗೆ?

ನಿಲ್ಲುತ್ತದೆ, ಆದರೆ ಬಾರಿನ ಮುಂತುದಿಯ ರಬ್ಬರ್ ಗುಬಟು ಸ್ಪ್ರಿಂಗಿನ ಮುಂದಿನ ಕಣ್ಣಿನ, ಅಂದರೆ ಸ್ಪ್ರಿಂಗನ್ನು ಚಾಸಿಗೆ ಸೇರಿಸುವ ಸುರುಳಿಯ, ನೇರ ಕೆಳಗೆ ಬಂದರೆ ಮಾತ್ರ.

ಎಂಜಿನ್ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಆಕ್ಸಲ್‌ನ, ಅಂದರೆ ಹಿಂಚಕ್ರಗಳ ಅಚ್ಚಿನ, ಕವಚವು ವಿರುದ್ಧ ದಿಕ್ಕಿಗೆ ಹೊರಳಿ ತನ್ನ ಮುಂದಿನ ಮೂತಿ ಎತ್ತಲು ನೋಡುತ್ತದೆ. ಆಗ ಸ್ಪ್ರಿಂಗ್ ಹಾವಿನಂತೆ ಡೊಂಕಾಗಿ, ಮರುಕ್ಷಣವೇ ಸಡಿಲಗೊಂಡು, ಟೈರು ಹಿಡಿತ ತಪ್ಪುತ್ತ ಹಿಡಿಯುತ್ತ ಕುಪ್ಪಳಿಸುತ್ತದೆ. ಯು-ಬೋಲ್ಟ್‌ಗಳಿಂದ ಆಕ್ಸಲ್‌ಗೆ ಬಿಗಿದ ಬಾರ್ ಅದರೊಂದಿಗೇ ಹೊರಳುವುದರಿಂದ, ಅದರ ಮುಂತುದಿ ಮೇಲೆದ್ದು ಗಟ್ಟಿಯಾದ ಕಣ್ಣಿಗೆ ತಾಗಿ ಹೊರಳಾಟವನ್ನು ಅಲ್ಲಿಯೇ ತಡೆಯುತ್ತದೆ. ಪುಣೆಯಲ್ಲಿ ಗೆಳೆಯರೊಬ್ಬರ ಪದ್ಮಿನಿ ಕಾರಿಗೆ ಹಾಕಿದ್ದ ಬಾರ್ ಗೇಣುದ್ದ ಗಿಡ್ಡವಾಗಿತ್ತು. ಖಂಬಾಟ್ಕಿ ಘಾಟಿನ ಏರಿನಲ್ಲಿ ನಿಲ್ಲಿಸಿ ಹೊರಟಾಗಲೆಲ್ಲ ಅದು ಪಟ್ಟಿಯ ನಡುವಿಗೇ ಗುದ್ದಿ, ಅಲ್ಲಿ ಹೊಳೆಯುವ ಗುರುತೊಂದನ್ನು ಮೂಡಿಸಿತ್ತು.

ಗುಬಟಿಗೂ ಕಣ್ಣಿಗೂ ನಡುವಿನ ಅಂತರವನ್ನು ಅಳೆಯುವಾಗ ಕಾರಿನ ಭಾರವೆಲ್ಲ ಚಕ್ರಗಳ ಮೇಲಿರಬೇಕು. ಜ್ಯಾಕ್ ಮೇಲೆ ಆಕ್ಸಲ್ ಜೋತಾಡುತ್ತಿದ್ದರೆ ಸ್ಪ್ರಿಂಗ್ ಬಾಗಿ ಸುಳ್ಳು ಅಳತೆ ಸಿಗುತ್ತದೆ. ಈ ಅಂತರವನ್ನು ಸುಮಾರು ಅರ್ಧ ಇಂಚು ಬಿಡುವುದು ರೂಢಿ. ಅಂತರವೇ ಇಲ್ಲದಿದ್ದರೆ ಸ್ಪ್ರಿಂಗಿನ ಸಹಜ ಚಲನೆ ಕಟ್ಟಿಹೋಗಿ ಸವಾರಿ ಒರಟಾಗುತ್ತದೆ. ರೇಸಿನವರು ಬಲಗಡೆ ಅಂತರವನ್ನು ಇನ್ನಷ್ಟು ಕಡಿಮೆ ಮಾಡುತ್ತಾರೆ, ಏಕೆಂದರೆ ಜೋರಾಗಿ ಹೊರಟಾಗ ಸಾಮಾನ್ಯವಾಗಿ ಬಲ ಹಿಂಚಕ್ರವೇ ಹಗುರಾಗುತ್ತದೆ. ರಸ್ತೆಯ ಕಾರಿಗೆ ಎರಡೂ ಕಡೆ ಸಮವಿದ್ದರೆ ಸಾಕು. ಒಂದೆರಡು ದಿನ ಓಡಿಸಿದ ಮೇಲೆ ಯು-ಬೋಲ್ಟ್‌ಗಳನ್ನು ತಪ್ಪದೆ ಮತ್ತೆ ಬಿಗಿಯಬೇಕು.

ಕಂಪನಿಯ ಮೂಲ ಎಂಜಿನ್ನೇ ಇದ್ದರೆ, ಬಾರ್ ಕೊಳ್ಳುವ ಮೊದಲು ಸ್ಪ್ರಿಂಗಿನ ಕಣ್ಣಿನೊಳಗಿನ ಸವೆದ ಬುಷ್‌ಗಳನ್ನು ಬದಲಾಯಿಸಿ ನೋಡಿ. ಹಳೆಯ ಕಾರುಗಳಲ್ಲಿ ಎಷ್ಟೋ ಬಾರಿ ತೊಂದರೆಯ ಮೂಲ ಅದೇ ಆಗಿರುತ್ತದೆ.