ಓದುಗರ ಪ್ರಶ್ನೆ: ಸ್ಪಿನೆಲ್ ಅಂದುಕೊಂಡ ಹರಳು ಟಾಫೈಟ್ ಆಗಿರಬಹುದೇ?

ಪ್ರಶ್ನೆ: ಶ್ರೀಲಂಕಾ ಪ್ರವಾಸಕ್ಕೆ ಹೋದಾಗ ತಿಳಿ ನೇರಳೆ ಬಣ್ಣದ ಒಂದು ಹರಳು ತಂದೆ. ಬಿಲ್ಲಿನಲ್ಲಿ ಸ್ಪಿನೆಲ್ ಎಂದಿದೆ. ಹರಳಿನ ವ್ಯಾಪಾರ ಗೊತ್ತಿರುವ ಸ್ನೇಹಿತರೊಬ್ಬರು ನೋಡಿ, ಟಾಫೈಟ್ ಇದ್ದರೂ ಇರಬಹುದು, ಎಲ್ಲಾದರೂ ತೋರಿಸಿ ಎಂದರು. ಏನು ಸರ್ ಈ ಟಾಫೈಟ್? ಮನೆಯಲ್ಲೇ ಗೊತ್ತು ಮಾಡಿಕೊಳ್ಳಬಹುದಾ?
– ಓದುಗರು, ಮಂಗಳೂರು

ಉತ್ತರ: ಸ್ನೇಹಿತರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಸ್ಪಿನೆಲ್ ಎಂಬ ರತ್ನ ಅಂದುಕೊಂಡದ್ದು ಟಾಫೈಟ್ ಆಗಿರುವುದು ತೀರಾ ಅಪರೂಪ, ನಿಜ. ಆದರೆ ಟಾಫೈಟ್ ಎಂಬ ಈ ವಿರಳ ರತ್ನ ಖನಿಜ ಜಗತ್ತಿಗೆ ಗೊತ್ತಾದದ್ದೇ ಆ ದಾರಿಯಲ್ಲಿ.

1945ರ ಮಾತು. ಐರ್ಲೆಂಡಿನ ಡಬ್ಲಿನ್‌ನಲ್ಲಿ ರಿಚರ್ಡ್ ಟಾಫ್ ಎಂಬ ರತ್ನತಜ್ಞರಿದ್ದರು. ಒಬ್ಬ ಆಭರಣ ವ್ಯಾಪಾರಿ ಡಬ್ಬಿಗಳಲ್ಲಿ ಹಾಕಿಟ್ಟಿದ್ದ ಹಳೇ ಹರಳುಗಳನ್ನು ಅವರು ಕೊಂಡುಕೊಂಡರು. ಅವನ್ನು ತೊಳೆದು, ವಿಂಗಡಿಸಿ, ಒಂದೊಂದನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾ ಹೋದಾಗ, 1.419 ಕ್ಯಾರೆಟ್ ತೂಕದ ಒಂದು ತಿಳಿ ನೇರಳೆ ಹರಳು ಅವರನ್ನು ಹಿಡಿದು ನಿಲ್ಲಿಸಿತು. ನೋಡಿದರೆ ಸ್ಪಿನೆಲ್. ಸಾಂದ್ರತೆಯೂ ಸ್ಪಿನೆಲ್‌ದೇ. ಆದರೆ ಮೇಲಿನಿಂದ ಇಣುಕಿದರೆ ಹಿಂಬದಿಯ ಮುಖಗಳ ಅಂಚು ಒಂದು ಗೆರೆಯಾಗಿ ಕಾಣುವ ಬದಲು ಎರಡೆರಡು ಗೆರೆಯಾಗಿ ಕಾಣುತ್ತಿತ್ತು.

ಸ್ಪಿನೆಲ್‌ನಲ್ಲಿ ಹಾಗಾಗುವಂತಿಲ್ಲ. ಅದರೊಳಗಿನ ಪರಮಾಣುಗಳ ಜೋಡಣೆ ಘನಾಕೃತಿಯದು, ಬೆಳಕು ಯಾವ ದಿಕ್ಕಿನಿಂದ ನುಗ್ಗಿದರೂ ಒಂದೇ ವೇಗದಲ್ಲಿ ಸಾಗುತ್ತದೆ. ಟಾಫೈಟ್‌ನ ಜೋಡಣೆ ಷಟ್ಕೋನದ್ದು. ಅಲ್ಲಿ ಬೆಳಕು ಎರಡು ಕಿರಣಗಳಾಗಿ ಸೀಳಿ ಬೇರೆ ಬೇರೆ ವೇಗದಲ್ಲಿ ಹೋಗುತ್ತದೆ, ಅದಕ್ಕೇ ಎರಡು ಗೆರೆ. ಟಾಫ್ ಆ ಹರಳನ್ನು ಲಂಡನ್ನಿನ ರತ್ನ ಪ್ರಯೋಗಾಲಯದಲ್ಲಿದ್ದ ಆಂಡರ್ಸನ್ ಅವರಿಗೆ ಕಳಿಸಿದರು. ಅಲ್ಲಿಂದ ಬ್ರಿಟಿಷ್ ಮ್ಯೂಸಿಯಂನ ಖನಿಜ ತಜ್ಞರ ಕೈಗೆ ಹೋಯಿತು. ಎಕ್ಸ್‌ರೇ ಪರೀಕ್ಷೆ ಆಯಿತು, ಹರಳಿನ ಒಂದು ತುಣುಕನ್ನೇ ಬಲಿಕೊಟ್ಟು ರಾಸಾಯನಿಕ ಪರೀಕ್ಷೆಯೂ ಆಯಿತು. ಹೊಸ ಖನಿಜ ಎಂದು ಖಚಿತವಾಗಿ, 1951ರಲ್ಲಿ ಟಾಫ್ ಹೆಸರಿನಲ್ಲೇ ಅದನ್ನು ಜಗತ್ತಿಗೆ ಪರಿಚಯಿಸಿದರು.

ಹೊಸ ಖನಿಜ ಸಾಮಾನ್ಯವಾಗಿ ಸಿಗುವುದು ಬೆಟ್ಟದಲ್ಲೋ ಗಣಿಯಲ್ಲೋ, ಕಚ್ಚಾ ಕಲ್ಲಾಗಿ. ಇದು ಮಾತ್ರ ಯಾರೋ ಆಗಲೇ ಸಾಣೆ ಹಿಡಿದಿಟ್ಟ ಹರಳಿನಲ್ಲಿ ಸಿಕ್ಕಿತು. ಹಾಗೆ ಪತ್ತೆಯಾದ ಮೊದಲ ರತ್ನ ಇದೇ. ಅದನ್ನು ಕತ್ತರಿಸಿದವರು, ಮಾರಿದವರು, ಧರಿಸಿದವರು ಎಲ್ಲರ ಕೈ ದಾಟಿ ಬಂದಿತ್ತು, ಒಬ್ಬರೂ ಆ ಎರಡನೇ ಗೆರೆ ನೋಡಿರಲಿಲ್ಲ. ನನಗೆ ಈ ಹರಳಿನ ಮೇಲೆ ಇಷ್ಟು ಪ್ರೀತಿ ಇರುವುದಕ್ಕೆ ಅದೇ ಕಾರಣ.

ಈಗ ನಿಮ್ಮ ಹರಳಿಗೆ ಬರೋಣ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಇದ್ದರೆ ಮೇಲಿನ ಚಪ್ಪಟೆ ಮುಖದಿಂದ ಒಳಗೆ ನೋಡಿ, ತಳದ ಅಂಚುಗಳ ಮೇಲೆ ಕಣ್ಣಿಡಿ. ನಿಧಾನವಾಗಿ ತಿರುಗಿಸಿ. ಓರೆ ಮಾಡಿಯೂ ನೋಡಿ, ಯಾಕಂದ್ರೆ ಒಂದು ದಿಕ್ಕಿನಲ್ಲಿ ಟಾಫೈಟ್ ಕೂಡ ಬೆಳಕನ್ನು ಸೀಳುವುದಿಲ್ಲ. ಎರಡು ಗೆರೆ ಕಂಡರೆ ಅದು ಸ್ಪಿನೆಲ್ ಅಲ್ಲ, ಅಷ್ಟು ಖಾತ್ರಿ. ಟಾಫೈಟೇ ಹೌದು ಅನ್ನಲು ಮಾತ್ರ ಇದು ಸಾಲದು, ನೇರಳೆ ಬಣ್ಣದ ಸ್ಫಟಿಕವಾದ ಅಮೆಥಿಸ್ಟ್ ಕೂಡ ಬೆಳಕನ್ನು ಸೀಳುತ್ತದೆ. ಗೆರೆ ಕಾಣದಿದ್ದರೆ ಕೂಡಲೇ ಬೇಜಾರಾಗಬೇಡಿ. ಟಾಫೈಟ್‌ನ ಎರಡು ವಕ್ರೀಭವನ ಅಂಕಗಳ (ಎರಡು ಕಿರಣಗಳು ಎಷ್ಟೆಷ್ಟು ಬಾಗುತ್ತವೆ ಎಂಬ ಅಳತೆ) ನಡುವಿನ ವ್ಯತ್ಯಾಸ ಬರೀ 0.004ರ ಆಸುಪಾಸು, ಸಣ್ಣ ಹರಳಿನಲ್ಲಿ ಲೂಪಿಗೆ ಸಿಕ್ಕದೇ ಹೋಗಬಹುದು.

ರತ್ನ ಪರೀಕ್ಷೆ ಮಾಡುವವರ ಬಳಿ ಪೋಲರಿಸ್ಕೋಪ್ ಎಂಬ ಸಣ್ಣ ಉಪಕರಣ ಇರುತ್ತದೆ. ಅದರಲ್ಲಿ ಹರಳನ್ನು ಒಂದು ಸುತ್ತು ತಿರುಗಿಸಿದರೆ ಟಾಫೈಟ್ ನಾಲ್ಕು ಸಲ ಬೆಳಗಿ ನಾಲ್ಕು ಸಲ ಕಪ್ಪಾಗುತ್ತದೆ, ಸ್ಪಿನೆಲ್ ಕಪ್ಪಾಗಿಯೇ ಉಳಿಯುತ್ತದೆ. ಕೆಲವು ಸ್ಪಿನೆಲ್‌ಗಳು ಒಳಗಿನ ಒತ್ತಡದಿಂದ ಅಲ್ಲಲ್ಲಿ ಮಿನುಗಿ ಮೋಸ ಮಾಡುವುದುಂಟು. ಹಾಗಾಗಿ ಕೊನೆಯ ಮಾತು ಪ್ರಯೋಗಾಲಯದ್ದೇ. ವರದಿ ಕೈಗೆ ಬರುವವರೆಗೆ ಯಾರಿಗೂ ಮಾರಬೇಡಿ, ಉಂಗುರಕ್ಕೆ ಕೂರಿಸಲೂ ಬೇಡಿ. ಬಿಡಿ ಹರಳನ್ನು ಪರೀಕ್ಷಿಸುವುದು ಜಾಸ್ತಿ ಸುಲಭ.

ಪ್ರಶ್ನೆ: ಟಾಫೈಟ್ ಯಾವುದರಿಂದ ಆಗಿದೆ, ಎಲ್ಲಿ ಸಿಗುತ್ತದೆ? ನಮ್ಮ ವೈಡೂರ್ಯಕ್ಕೂ ಇದಕ್ಕೂ ಸಂಬಂಧ ಇದೆ ಎಂದು ಕೇಳಿದೆ, ನಿಜವೇ?
– ಓದುಗರು, ಧಾರವಾಡ

ಉತ್ತರ: ನಿಜ, ತುಂಬಾ ಚೆಂದದ ಸಂಬಂಧ. ನಾವು ವೈಡೂರ್ಯ ಅನ್ನುವುದು ಕ್ರಿಸೊಬೆರಿಲ್ ಎಂಬ ಖನಿಜದ ಒಂದು ಬಗೆ. ಅದರಲ್ಲಿ ಬೆರಿಲಿಯಂ, ಅಲ್ಯೂಮಿನಿಯಂ, ಆಮ್ಲಜನಕ ಇವೆ. ಸ್ಪಿನೆಲ್‌ನಲ್ಲಿ ಮೆಗ್ನೀಸಿಯಂ, ಅಲ್ಯೂಮಿನಿಯಂ, ಆಮ್ಲಜನಕ. ಒಂದು ಪಾಲು ಕ್ರಿಸೊಬೆರಿಲ್‌ಗೆ ಮೂರು ಪಾಲು ಸ್ಪಿನೆಲ್ ಕೂಡಿಸಿ ಲೆಕ್ಕ ಹಾಕಿದರೆ ಬರುವುದು ಸರಿಯಾಗಿ ಟಾಫೈಟ್‌ನ ಸೂತ್ರ: ಒಂದು ಬೆರಿಲಿಯಂ, ಮೂರು ಮೆಗ್ನೀಸಿಯಂ, ಎಂಟು ಅಲ್ಯೂಮಿನಿಯಂ, ಹದಿನಾರು ಆಮ್ಲಜನಕ. ಬೆರಿಲಿಯಂ ಮತ್ತು ಮೆಗ್ನೀಸಿಯಂ ಎರಡೂ ಇರಲೇಬೇಕಾದ ಖನಿಜ ಅಂತ ಮೊದಲು ಗೊತ್ತಾದದ್ದು ಇದೇ.

ಹತ್ತರವರೆಗಿನ ಮೋಸ್ ಮಾಪಕದಲ್ಲಿ ಗಡಸುತನ 8ರಿಂದ 8.5. ನೀಲಮಣಿಗಿಂತ ಸ್ವಲ್ಪ ಮೆತ್ತಗೆ, ಅಮೆಥಿಸ್ಟ್‌ಗಿಂತ ಗಟ್ಟಿ. ಸಾಂದ್ರತೆ 3.61ರ ಹತ್ತಿರ. ಬಣ್ಣ ಸಾಮಾನ್ಯವಾಗಿ ತಿಳಿ ನೇರಳೆ, ಗುಲಾಬಿ, ಬೂದು. ಬಣ್ಣವೇ ಇಲ್ಲದವೂ ಇವೆ, ಕೆಂಪು ತೀರಾ ವಿರಳ. ಶ್ರೀಲಂಕಾದ ಒಂದು ಕೆಂಪು ಹರಳನ್ನು ನೋಡಿ 1981ರಲ್ಲಿ ತಜ್ಞರೇ ಅದನ್ನು ಬೇರೆ ಖನಿಜ ಎಂದು ತಿಳಿದು ಟ್ಯಾಪ್ರೊಬನೈಟ್ ಎಂದು ಹೆಸರಿಟ್ಟಿದ್ದರು, ಆಮೇಲೆ ನೋಡಿದರೆ ಅದೂ ಟಾಫೈಟೇ.

ಸಿಗುವ ಜಾಗಗಳಲ್ಲಿ ಶ್ರೀಲಂಕಾ ಮೊದಲನೆಯದು. ರತ್ನಪುರದ ಸುತ್ತ ಗದ್ದೆಗಳ ನಡುವೆ ಗುಂಡಿ ತೋಡುತ್ತಾರೆ, ಮಣ್ಣು ಕುಸಿಯದಂತೆ ಮರದ ದಿಮ್ಮಿ ಕೊಟ್ಟು ಸಂದಿಗೆ ಜರಿಸೊಪ್ಪು ತುರುಕುತ್ತಾರೆ. ಕೆಳಗೆ ಹಳೇ ನದಿ ಬಿಟ್ಟುಹೋದ ಗರಸಿನ ಪದರ ಸಿಗುತ್ತದೆ, ಅದನ್ನು ಅಲ್ಲಿ ಇಲ್ಲಮ ಅನ್ನುತ್ತಾರೆ. ಆ ಗರಸನ್ನು ಬೆತ್ತದ ಬುಟ್ಟಿಯಲ್ಲಿ ನೀರಿಗೆ ಹಿಡಿದು ಸುತ್ತಿಸಿದರೆ ಹಗುರ ಮರಳು ಹೊರಗೆ ಹೋಗಿ ಭಾರದ ಕಲ್ಲು ತಳದಲ್ಲಿ ಕೂರುತ್ತದೆ. ನೀಲಮಣಿ, ಸ್ಪಿನೆಲ್, ಗೋಮೇಧಿಕ, ಜಿರ್ಕಾನ್ ಎಲ್ಲಾ ಒಟ್ಟಿಗೆ ಬರುತ್ತವೆ, ಎಲ್ಲೋ ಒಮ್ಮೆ ಟಾಫೈಟ್. ನೀರಿನಲ್ಲಿ ಉರುಳಿ ಎಲ್ಲವೂ ನುಣ್ಣಗಾಗಿರುವುದರಿಂದ ಹರಳಿನ ಮೂಲ ಆಕಾರ ನೋಡಿ ಬೇರೆ ಮಾಡಲು ಆಗುವುದಿಲ್ಲ. ಸ್ಪಿನೆಲ್ ರಾಶಿಗೆ ಸೇರಿಹೋಗುವುದು ಹೀಗೆ. ದಕ್ಷಿಣ ತಾಂಜಾನಿಯಾದ ತುಂದೂರು, ಮ್ಯಾನ್ಮಾರ್‌ನ ಮೊಗೊಕ್‌ನಲ್ಲೂ ಸಿಕ್ಕಿದೆ. ಚೀನಾದ ಹುನಾನ್‌ನಲ್ಲಿ ಸುಣ್ಣಕಲ್ಲಿನ ಬಂಡೆಯೊಳಗೇ ಇದೆ.

ಪ್ರಶ್ನೆ: ಮಸ್‌ಗ್ರೇವೈಟ್ ಅಂತ ಇನ್ನೊಂದು ಇದೆಯಲ್ಲ, ಅದೂ ಇದೂ ಒಂದೇನಾ?
– ಓದುಗರು, ಬೆಂಗಳೂರು

ಉತ್ತರ: ಒಂದೇ ಮನೆತನ, ಆದರೆ ಒಂದೇ ಅಲ್ಲ. ಧಾತುಗಳು ಅವೇ, ಪ್ರಮಾಣ ಬೇರೆ, ಪದರಗಳ ಜೋಡಣೆ ಬೇರೆ. 1967ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮಸ್‌ಗ್ರೇವ್ ಬೆಟ್ಟಗಳಲ್ಲಿ ಸಿಕ್ಕಿದ್ದರಿಂದ ಆ ಹೆಸರು. ಸಾಂದ್ರತೆ, ವಕ್ರೀಭವನ ಎರಡೂ ಟಾಫೈಟ್‌ಗೆ ಎಷ್ಟು ಹತ್ತಿರ ಅಂದರೆ ಸಾಮಾನ್ಯ ಉಪಕರಣಗಳಿಂದ ಬೇರ್ಪಡಿಸುವುದು ಕಷ್ಟ.

ಇಲ್ಲಿ ನೆರವಿಗೆ ಬರುವುದು ರಾಮನ್ ಪರಿಣಾಮ. ಹರಳಿನ ಮೇಲೆ ಲೇಸರ್ ಬಿಟ್ಟು, ಚದುರಿ ಬರುವ ಬೆಳಕಿನಲ್ಲಿ ಆಗಿರುವ ಸಣ್ಣ ಬದಲಾವಣೆ ಅಳೆದರೆ ಯಾವುದು ಯಾವುದೆಂದು ಗೊತ್ತಾಗುತ್ತದೆ, ಹರಳಿಗೆ ಒಂದು ಗೀರೂ ಬೀಳುವುದಿಲ್ಲ. ಸಿ.ವಿ. ರಾಮನ್ ಅದನ್ನು ಕಂಡುಹಿಡಿದದ್ದು 1928ರಲ್ಲಿ ಕೋಲ್ಕತ್ತಾದಲ್ಲಿ. ಮುಂದೆ ಬೆಂಗಳೂರಿಗೆ ಬಂದು ನೆಲೆಸಿ, ತಮ್ಮ ಸಂಸ್ಥೆಯಲ್ಲಿ ಹರಳು, ಖನಿಜಗಳನ್ನು ಆಸೆಯಿಂದ ಕೂಡಿಸಿಟ್ಟವರು ಅವರು. ಲ್ಯಾಬಿಗೆ ಹೋಗುವ ಮೊದಲು ರಾಮನ್ ಪರೀಕ್ಷೆ ಮಾಡುತ್ತಾರಾ ಎಂದು ಫೋನ್ ಮಾಡಿ ಕೇಳಿ.

ಪ್ರಶ್ನೆ: ಟಾಫೈಟ್ ಧರಿಸಿದರೆ ಗ್ರಹದೋಷ ಹೋಗುತ್ತದೆ ಎಂದು ಒಬ್ಬರು ಮಾರುತ್ತಿದ್ದಾರೆ. ತಗೊಳ್ಳಬಹುದೇ?
– ಓದುಗರು, ದಾವಣಗೆರೆ

ಉತ್ತರ: ಬೇಡ. 1945ರವರೆಗೆ ಹೀಗೊಂದು ಹರಳಿದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ನವರತ್ನದಲ್ಲಿ ಇದಿಲ್ಲ, ಯಾವ ಗ್ರಹಕ್ಕೂ ಇದನ್ನು ಹಿಂದಿನವರು ಹೇಳಿಲ್ಲ. ಚೆಂದಕ್ಕೆ, ಸಂಗ್ರಹಕ್ಕೆ ಬೇಕಾದರೆ ಕೊಳ್ಳಿ, ಅದೂ ಲ್ಯಾಬ್ ವರದಿ ಇದ್ದರೆ ಮಾತ್ರ.

ಪ್ರಶ್ನೆ: ಬೆರಿಲಿಯಂ ವಿಷ ಅಂತಾರೆ. ಬೆರಳಿಗೆ ಹಾಕಿದರೆ ತೊಂದರೆ ಇಲ್ಲವೇ?
– ಓದುಗರು, ಮೈಸೂರು

ಉತ್ತರ: ಇಲ್ಲ. ಪಚ್ಚೆಯಲ್ಲೂ ಬೆರಿಲಿಯಂ ಇದೆ. ಹರಳಿನೊಳಗೆ ಅದು ಗಟ್ಟಿಯಾಗಿ ಬಂಧಿಯಾಗಿರುತ್ತದೆ, ಚರ್ಮಕ್ಕೆ ಇಳಿಯುವುದಿಲ್ಲ. ಎಚ್ಚರ ಬೇಕಾದದ್ದು ಸಾಣೆ ಹಿಡಿಯುವವರಿಗೆ. ದೂಳು ಶ್ವಾಸಕೋಶಕ್ಕೆ ಹೋಗಬಾರದು, ಆದ್ದರಿಂದ ನೀರು ಬಿಟ್ಟುಕೊಂಡೇ ಉಜ್ಜಬೇಕು, ಮುಖಕ್ಕೆ ಮಾಸ್ಕ್ ಇರಬೇಕು.