ಏಳು ನಾಯಿ, ನಾಲ್ಕು ಬೆಕ್ಕು: ಎಷ್ಟು ಜಾಸ್ತಿ?

ಪ್ರಶ್ನೆ: ನನ್ನ ಮಗಳಿಗೆ ಆರು ವರ್ಷ. ಅವಳ ಅಭ್ಯಾಸ ಪುಸ್ತಕದ ಚಿತ್ರನಕ್ಷೆಯಲ್ಲಿ ನಾಯಿಯ ಸಾಲಿಗೆ 7 ಚಿತ್ರ, ಬೆಕ್ಕಿನ ಸಾಲಿಗೆ 4. ಯಾವುದು ಜಾಸ್ತಿ ಎಂದರೆ ಸರಿಯಾಗಿ ಹೇಳುತ್ತಾಳೆ. ‘ಬೆಕ್ಕಿಗಿಂತ ನಾಯಿ ಎಷ್ಟು ಜಾಸ್ತಿ?’ ಎಂದರೆ ಪ್ರತಿ ಸಲವೂ 7 ಅನ್ನುತ್ತಾಳೆ. ಏಳರಲ್ಲಿ ನಾಲ್ಕು ಕಳೆ ಅಂತ ಹೇಳಿಕೊಟ್ಟೆ. ಮರುದಿನ ಮತ್ತೆ ಅದೇ. ಅವಳೇ ನಕ್ಷೆ ಬರೆದರೆ ನಾಯಿ ದೊಡ್ಡದು, ಮೀನು ಪುಟ್ಟದು, ಸಾಲೆಲ್ಲ ಅಡ್ಡಾದಿಡ್ಡಿ. ಏನು ಮಾಡಲಿ?
– ಒಬ್ಬ ತಾಯಿ

ಉತ್ತರ: ಮೊದಲು ಆ 7ರ ಬಗ್ಗೆ. ಒಂದನೇ ತರಗತಿಯಲ್ಲಿ ಪಾಠ ಮಾಡಿದಷ್ಟು ವರ್ಷವೂ ನಾನು ಈ ಉತ್ತರ ಕೇಳಿದ್ದೇನೆ. ಲೆಕ್ಕ ಬಾರದೆ ಬರುವ ಉತ್ತರ ಇದಲ್ಲ. ಮಗುವಿನ ಕಿವಿಗೆ ಬೀಳುವುದು ಎರಡೇ ಮಾತು: ‘ಎಷ್ಟು’, ‘ಜಾಸ್ತಿ’. ಜಾಸ್ತಿ ಇರುವುದು ನಾಯಿ, ಅದು ಎಷ್ಟು, ಏಳು. ‘ಬೆಕ್ಕಿಗಿಂತ’ ಅನ್ನುವ ಮಾತು ಜಾರಿಹೋಗಿರುತ್ತದೆ. ಅವಳು ಕೇಳಿಸಿಕೊಂಡ ಪ್ರಶ್ನೆಗೆ ಅವಳ ಉತ್ತರ ಸರಿಯೇ ಇದೆ. ‘ಕಳೆ’ ಎಂದಾಗ ಅವಳಿಗೆ ಗೊಂದಲ, ಯಾಕೆಂದರೆ ಇಲ್ಲಿ ಯಾವ ನಾಯಿಯೂ ಎಲ್ಲಿಗೂ ಹೋಗಿಲ್ಲ ಅಲ್ವಾ?

ಹಾಗಾಗಿ ಕಳೆಯುವ ಲೆಕ್ಕವನ್ನು ಸ್ವಲ್ಪ ದಿನ ಬಿಡಿ. ಜೊತೆ ಮಾಡಿಸಿ. ಒಂದು ನಾಯಿಗೆ ಒಂದು ಬೆಕ್ಕು, ಬೆರಳಿಟ್ಟು ಗೆರೆ ಎಳೆಯಲಿ. ನಾಲ್ಕು ಗೆರೆ ಆದ ಮೇಲೆ ‘ಜೊತೆ ಸಿಗದೆ ಉಳಿದ ನಾಯಿ ಎಷ್ಟು?’ ಎಂದು ಕೇಳಿ. ಮೂರು ಎಂದು ತಾನೇ ಹೇಳುತ್ತಾಳೆ. ಆಗ ನಿಧಾನವಾಗಿ, ‘ಅಂದರೆ ಬೆಕ್ಕಿಗಿಂತ ನಾಯಿ ಮೂರು ಜಾಸ್ತಿ’ ಎಂದು ನೀವು ಪೂರ್ತಿ ವಾಕ್ಯ ಹೇಳಿ. ಈ ವಾಕ್ಯ ಅವಳ ಬಾಯಲ್ಲಿ ಬರಲು ವಾರಗಳೇ ಹಿಡಿಯಬಹುದು, ಅವಸರ ಬೇಡ. ‘ನಾಯಿಗಿಂತ ಬೆಕ್ಕು ಎಷ್ಟು ಕಡಿಮೆ?’ ಅನ್ನುವುದು ಇನ್ನೂ ಕಷ್ಟ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಇನ್ನು ಅಡ್ಡಾದಿಡ್ಡಿ ಸಾಲಿನ ವಿಷಯ. ಇದಕ್ಕೆ ಕಾಗದಕ್ಕಿಂತ ಮೊದಲು ನಿಜವಾದ ವಸ್ತು ಬೇಕು. ನನ್ನ ಮೇಜಿನ ಮೇಲೆ ಗುಂಡಿಗಳ ಡಬ್ಬಿಯೊಂದು ಯಾವಾಗಲೂ ಇರುತ್ತಿತ್ತು. ಎರಡು ತೂತಿನವು ಒಂದು ಸಾಲು, ನಾಲ್ಕು ತೂತಿನವು ಇನ್ನೊಂದು ಸಾಲು. ಒಬ್ಬ ಹುಡುಗ ಐದು ದೊಡ್ಡ ಕೋಟಿನ ಗುಂಡಿ ಜೋಡಿಸಿದ್ದ. ಅವನ ಗೆಳತಿ ಎಂಟು ಚಿಕ್ಕ ಅಂಗಿ ಗುಂಡಿ ಜೋಡಿಸಿದ್ದಳು. ಇವನ ಸಾಲೇ ಉದ್ದ. ‘ನಂದೇ ಜಾಸ್ತಿ’ ಎಂದು ಕುಣಿದ. ಎಣಿಸಿದ ಮೇಲೂ ಒಪ್ಪಲಿಲ್ಲ, ‘ಆದ್ರೂ ನಂದೇ ಜಾಸ್ತಿ’ ಎಂದ.

ಚಿಕ್ಕ ಮಕ್ಕಳ ಕಣ್ಣು ಹೀಗೆ ಉದ್ದಕ್ಕೆ ಮಾರುಹೋಗುತ್ತದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನು ಬಹಳ ಹಿಂದೆಯೇ ಗಮನಿಸಿದ್ದರು. ಎರಡು ಸಾಲಿನಲ್ಲಿ ಬಿಲ್ಲೆಗಳು ಅಷ್ಟಷ್ಟೇ ಇದ್ದರೂ, ಒಂದು ಸಾಲನ್ನು ಹರಡಿ ಇಟ್ಟರೆ ಅದರಲ್ಲೇ ಜಾಸ್ತಿ ಇದೆ ಎಂದು ಪುಟ್ಟ ಮಕ್ಕಳು ಹೇಳುತ್ತಾರೆ.

ಮರುದಿನ ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಗಳನ್ನು ಬರೆದೆ. ಎರಡು ಸಾಲಿಗೂ ಒಂದೇ ಕಡೆ ಶುರು. ಒಂದು ಮನೆಗೆ ಒಂದೇ ಗುಂಡಿ, ಮಧ್ಯೆ ಮನೆ ಖಾಲಿ ಬಿಡುವಂತಿಲ್ಲ. ಆ ಹುಡುಗ ತನ್ನ ಐದನ್ನು ಇಟ್ಟ, ಪಕ್ಕದ ಎಂಟನ್ನು ನೋಡಿದ, ಸುಮ್ಮನಾದ. ಸ್ವಲ್ಪ ಹೊತ್ತು ಬಿಟ್ಟು ‘ನಂಗೆ ಇನ್ನೂ ಮೂರು ಬೇಕು’ ಎಂದ. ಎಷ್ಟು ಜಾಸ್ತಿ ಅನ್ನುವ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ನಾನು ಕೇಳಿಲ್ಲ.

ದೊಡ್ಡ ನಾಯಿ, ಪುಟ್ಟ ಮೀನಿನ ತೊಂದರೆ ದೊಡ್ಡವರಿಗೂ ಇತ್ತು. ಮೊದಲೆಲ್ಲ ಎರಡು ಪಟ್ಟು ಜನರನ್ನು ತೋರಿಸಲು ಎರಡು ಪಟ್ಟು ಎತ್ತರದ ಮನುಷ್ಯನ ಚಿತ್ರ ಬರೆಯುವವರು ಇದ್ದರು. ಎತ್ತರದ ಜೊತೆ ಅಗಲವೂ ಎರಡು ಪಟ್ಟಾದರೆ ಚಿತ್ರ ತುಂಬುವ ಜಾಗ ನಾಲ್ಕು ಪಟ್ಟಾಗುತ್ತದೆ, ನೋಡುವವರಿಗೆ ಮೋಸ. 1925ರಲ್ಲಿ ವಿಯೆನ್ನಾದಲ್ಲಿ ಒಂದು ವಸ್ತುಸಂಗ್ರಹಾಲಯ ಶುರು ಮಾಡಿದ ಒಟ್ಟೊ ನ್ಯೂರಾಥ್, ಹೆಚ್ಚು ಸಂಖ್ಯೆಗೆ ಹೆಚ್ಚು ಚಿತ್ರ, ದೊಡ್ಡ ಚಿತ್ರ ಅಲ್ಲ ಎಂಬ ನಿಯಮ ಹಾಕಿಕೊಂಡರು. ನಿಮ್ಮ ಮಗಳಿಗೂ ಅದೇ ಸಾಕು. ಒಂದೇ ಅಳತೆಯ ಚೌಕ ಚೀಟಿ ಕತ್ತರಿಸಿ ಕೊಡಿ. ಚೀಟಿಯೊಳಗೆ ನಾಯಿ ಎಷ್ಟಾದರೂ ದೊಡ್ಡದಿರಲಿ, ಚೀಟಿ ಒಂದೇ.

ಮತ್ತೆ, ಪ್ರಶ್ನೆ ಅವಳದ್ದೇ ಆಗಿರಲಿ. ‘ಬಿಸಿಲು, ಮಳೆ, ಚಳಿ, ಯಾವುದು ಇಷ್ಟ?’ ಎಂದು ಮನೆಯವರನ್ನೂ ಗೆಳೆಯರನ್ನೂ ಕೇಳಿಕೊಂಡು ಬರಲಿ. ಚಳಿಗೆ ಯಾರೂ ಬರದಿದ್ದರೆ ಆ ಸಾಲನ್ನು ಅಳಿಸಬೇಡಿ. ಖಾಲಿ ಸಾಲನ್ನು ತೋರಿಸಿ ‘ಇದು ಏನು ಹೇಳುತ್ತದೆ?’ ಎಂದು ಕೇಳಿ. ಸೊನ್ನೆ ಅಂದರೆ ಏನೂ ಅಲ್ಲ ಅಂದುಕೊಂಡಿದ್ದ ಮಗುವಿಗೆ, ಸೊನ್ನೆಯೂ ಒಂದು ಸುದ್ದಿ ಎಂದು ಅಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ‘ಒಂದು ಚಿತ್ರ ಅಂದರೆ 5 ಮಕ್ಕಳು’ ಎಂದು ಬರೆದಿದ್ದರೂ ಮಕ್ಕಳು ಅದನ್ನು ನೋಡುವುದೇ ಇಲ್ಲ. ಸುಮ್ನೆ ಚಿತ್ರ ಎಣಿಸಿ ಉತ್ತರ ಬರೆಯುತ್ತಾರೆ.

ಉತ್ತರ: ಒಂದು ಚಿತ್ರ ಅಂದರೆ ಎಷ್ಟು ಎಂದು ಹೇಳುವ ಆ ಸಾಲಿಗೆ ಸೂಚಿ ಎನ್ನುತ್ತೇವೆ. ಅದು ಯಾಕೆ ಬೇಕು ಎಂದು ಅವರಿಗೆ ಇನ್ನೂ ಅನ್ನಿಸಿಲ್ಲ. 40 ಜನರ ನಕ್ಷೆಯನ್ನು ಒಂದಕ್ಕೊಂದು ಚಿತ್ರ ಹಾಕಿ ಬರೆಯಲು ಬಿಡಿ. ಕಾಗದ ಸಾಲುವುದಿಲ್ಲ, ಕೈ ನೋಯುತ್ತದೆ. ಆಗ ‘ಕಡಿಮೆ ಚಿತ್ರದಲ್ಲಿ ಮುಗಿಸೋಣವಾ?’ ಎಂದು ಕೇಳಿ. ಶುರುವಿನಲ್ಲಿ ಎರಡೆರಡಾಗಿಯೇ ಇರುವ ವಸ್ತು ತೆಗೆದುಕೊಳ್ಳಿ. ಒಂದು ಸೈಕಲ್ ಚಿತ್ರ, ಎರಡು ಚಕ್ರ. ಅಲ್ಲಿ ಸೂಚಿ ಮರೆಯುವುದು ಕಷ್ಟ.

ಅರ್ಧ ಚಿತ್ರದ ಹೊತ್ತಿಗೆ 5ರ ಸೂಚಿ ಬೇಡ, ಅರ್ಧಕ್ಕೆ ಎರಡೂವರೆ ಮಕ್ಕಳಾಗುತ್ತಾರೆ. 2 ಅಥವಾ 10 ಇಟ್ಟುಕೊಳ್ಳಿ. ಚಿತ್ರವೂ ವೃತ್ತದಂಥ ಸರಳ ಆಕಾರವಿರಲಿ. ಅರ್ಧ ಬೆಕ್ಕು ಎಲ್ಲಿಗೆ ಮುಗಿಯುತ್ತದೆ ಎಂದು ಮಕ್ಕಳು ಜಗಳ ಆಡುತ್ತಾರೆ.

ಪ್ರಶ್ನೆ: ಮಕ್ಕಳು ಗೆಳೆಯರನ್ನು ಕೇಳಿ, ಒಬ್ಬರಿಗೆ ಒಂದು ಗೆರೆ ಹಾಕುವಾಗ ಕೆಲವರನ್ನು ಎರಡು ಸಲ ಎಣಿಸುತ್ತಾರೆ. ಪರಿಹಾರ ಇದೆಯೇ?

ಉತ್ತರ: ಇದೆ. ಶುರುವಿಗೆ ಮೊದಲು ಎಲ್ಲರ ಕೈಗೂ ಒಂದೊಂದು ಬಟ್ಟೆ ಕ್ಲಿಪ್ ಕೊಡಿ. ಉತ್ತರ ಹೇಳಿದವರು ಕ್ಲಿಪ್ ವಾಪಸ್ ಕೊಡಬೇಕು. ಕ್ಲಿಪ್ ಇಲ್ಲದವರನ್ನು ಮತ್ತೆ ಕೇಳುವಂತಿಲ್ಲ. ಕೊನೆಗೆ ಗೆರೆ ಎಷ್ಟು, ಕ್ಲಿಪ್ ಎಷ್ಟು ಎಂದು ಮಕ್ಕಳೇ ತಾಳೆ ನೋಡಲಿ. ಒಂದು ಹೆಚ್ಚುಕಮ್ಮಿ ಬಂದರೆ ನೀವು ಸರಿಮಾಡಲು ಹೋಗಬೇಡಿ, ಎಲ್ಲಿ ತಪ್ಪಿತು ಎಂದು ಅವರೇ ಹುಡುಕಲಿ.